ಶಿಬಿರಕ್ಕೆ ಬಂದ ಅರವತ್ತು ಮಕ್ಕಳು ಜುಲೈನಲ್ಲಿ ಎಲ್ಲಿ ಹೋದರು?

ಪ್ರಶ್ನೆ: ಸರ್, ನಮಸ್ಕಾರ. ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಕಳೆದ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಶಿಬಿರ ನಡೆಸಿದೆವು. ಚಿತ್ರ, ಹಾಡು, ಕೇರಂ, ಚೆಸ್ ಎಲ್ಲ ಇತ್ತು. ದಿನಕ್ಕೆ ಐವತ್ತು ಅರವತ್ತು ಮಕ್ಕಳು ಬರುತ್ತಿದ್ದರು. ಶಾಲೆ ಶುರುವಾದ ಮೇಲೆ ಸಂಜೆ ಹತ್ತು ಮಕ್ಕಳೂ ಇಲ್ಲ. ನವೆಂಬರ್ ಗ್ರಂಥಾಲಯ ಸಪ್ತಾಹದಲ್ಲಿ ಪ್ರಬಂಧ ಸ್ಪರ್ಧೆ ಇಟ್ಟು ಸ್ಟೀಲ್ ತಟ್ಟೆ, ಡಬ್ಬಿ ಬಹುಮಾನ ಕೊಟ್ಟೆವು. ಬಹುಮಾನ ಒಯ್ದವರೂ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ವರ್ಷದ ಯಾವ ಹೊತ್ತಿನಲ್ಲಿ ಏನು ಮಾಡಿದರೆ ಜನ ನಿಜವಾಗಿ ಓದುತ್ತಾರೆ? ಬಹುಮಾನ ಕೊಡಬೇಕೇ, ಬೇಡವೇ? ಇನ್ನೊಂದು ಮಾತು: ಪುಸ್ತಕ ಮನೆಗೆ ಕೊಟ್ಟರೆ ಕಳೆದುಬಿಡುತ್ತಾರೆ, ನಾಳೆ ಲೆಕ್ಕ ಕೇಳಿದರೆ ನಾನೇ ತುಂಬಿಕೊಡಬೇಕಾಗುತ್ತದೆ ಎಂಬ ಹೆದರಿಕೆಯೂ ಇದೆ.

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇರಂ ಇದೆ, ಚೆಸ್ ಇದೆ, ಸ್ಟೀಲ್ ತಟ್ಟೆಯೂ ಇದೆ. ಆ ಹದಿನೈದು ದಿನಗಳಲ್ಲಿ ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು ಎಂಬ ಲೆಕ್ಕ ಮಾತ್ರ ಎಲ್ಲಿಯೂ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದನ್ನು ಕೊನೆಯ ಸಾಲಿನಲ್ಲಿ ನೀವೇ ಬರೆದಿದ್ದೀರಿ. ಆದ್ದರಿಂದ ಉಳಿದದ್ದನ್ನೆಲ್ಲ ಬದಿಗಿಟ್ಟು ಆ ಹೆದರಿಕೆಯನ್ನೇ ಮೊದಲು ಇತ್ಯರ್ಥ ಮಾಡೋಣ.

ಪುಸ್ತಕ ಕಳೆಯುತ್ತದೆ. ಸಾಲ ಕೊಟ್ಟ ಊರಲ್ಲೆಲ್ಲ ಕಳೆದಿದೆ. ಇದನ್ನು ಸರ್ಕಾರವೂ ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮ ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ವರ್ಷಕ್ಕೆ ಸಾವಿರ ಪುಸ್ತಕ ಓದುಗರ ಕೈಗೆ ಹೋಗಿಬಂದರೆ ಅದರಲ್ಲಿ ಐದು ಕಳೆಯುವುದು ಸಹಜ, ಅಪ್ರಾಮಾಣಿಕತೆಯಿಂದಲೋ ಅಜಾಗರೂಕತೆಯಿಂದಲೋ ಕಳೆದಿರಬಾರದು ಅಷ್ಟೇ ಎನ್ನುತ್ತದೆ ಆ ನಿಯಮ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ಕಡ್ಡಾಯವಾಗಿ ವಿಚಾರಣೆ ಆಗಬೇಕು. ಇದು ಕೇಂದ್ರದ ಕಚೇರಿಗಳಿಗಾಗಿ ಮಾಡಿದ್ದು, ನಿಮ್ಮ ಪಂಚಾಯಿತಿಯನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಮುಂದೆ ಅದನ್ನು ಇಟ್ಟು, ಮಕ್ಕಳ ಪುಸ್ತಕಗಳಿಗೆ ಇದೇ ಲೆಕ್ಕ ಸಾಕು ಎಂದು ಪಂಚಾಯಿತಿ ಸಭೆಯಲ್ಲಿ ಒಂದು ಠರಾವು ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಬೇಡ. ಪಿಡಿಒ ವರ್ಗವಾಗಿ ಹೋದರೆ ಬಾಯಿಮಾತೂ ಅವರ ಜೊತೆಗೇ ಹೋಗುತ್ತದೆ. ಮಕ್ಕಳ ಪುಸ್ತಕ ಎಂದರೆ ನಲವತ್ತು ಐವತ್ತು ರೂಪಾಯಿಯ ವಸ್ತು. ಐದು ಕಳೆದರೆ ಇನ್ನೂರೈವತ್ತು. ನಿಮ್ಮ ತಟ್ಟೆ ಡಬ್ಬಿಗಳಿಗೆ ಇದಕ್ಕಿಂತ ಹೆಚ್ಚೇ ಖರ್ಚಾಗಿರಬೇಕು.

ಇನ್ನೊಂದು ಸಂಗತಿಯನ್ನೂ ಸಭೆಯಲ್ಲಿ ಹೇಳಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಬೀಳುತ್ತದೆ. ಮನೆಪಟ್ಟಿ ತುಂಬಿದ ರೈತ ಪುಸ್ತಕಕ್ಕೂ ದುಡ್ಡು ತುಂಬಿದ್ದಾನೆ. ಅವನ ಪುಸ್ತಕವನ್ನು ಅವನಿಂದಲೇ ಕಾಯುವ ಕೆಲಸ ನಮ್ಮದಾಗಬಾರದು.

ಈಗ ಬಹುಮಾನ. ಇದರಲ್ಲಿ ನಾನು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾವೇರಿ ಸೀಮೆಯ ಒಂದು ಊರಿನ ಗ್ರಂಥಾಲಯದಲ್ಲಿದ್ದೆ. ಮೇ ತಿಂಗಳಲ್ಲಿ ಯಾರು ಅತಿ ಹೆಚ್ಚು ಪುಸ್ತಕ ಓದುತ್ತಾರೋ ಅವರಿಗೆ ಒಂದು ಶಬ್ದಕೋಶ ಎಂದು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆದೆ. ಆರನೆಯ ಇಯತ್ತೆಯ ಒಬ್ಬ ಹುಡುಗ ದಿನಾ ಬೆಳಿಗ್ಗೆ ಎರಡು ಒಯ್ದು ಸಂಜೆ ಎರಡು ತಂದು ಕೊಟ್ಟ. ತಿಂಗಳ ಕೊನೆಗೆ ನಲವತ್ತೊಂದು ಪುಸ್ತಕ. ಶಬ್ದಕೋಶ ಕೊಡುವ ಮೊದಲು ಸುಮ್ಮನೆ ಒಂದು ನರಿಯ ಕಥೆಯ ಪುಸ್ತಕ ತೋರಿಸಿ, 'ಇದರಲ್ಲಿ ಏನಾಯಿತು?' ಎಂದು ಕೇಳಿದೆ. ಅವನು ಸ್ವಲ್ಪವೂ ತಡವರಿಸದೆ, 'ಮೂವತ್ತೆರಡು ಪುಟ, ಸರ್' ಎಂದ. ಬಾಗಿಲ ಹತ್ತಿರ ಅವನ ಚೀಲ ಹಿಡಿದು ನಿಂತಿದ್ದ ತಂಗಿ ಕಿಸಕ್ಕನೆ ನಕ್ಕಳು. ನರಿಯ ಕಥೆ ಅವಳಿಗೆ ಗೊತ್ತಿತ್ತು; ಬರೀ ಅದಲ್ಲ, ಒಯ್ದ ಪುಸ್ತಕಗಳಲ್ಲಿ ಹೆಚ್ಚಿನವನ್ನು ದಾರಿಯಲ್ಲಿ, ಮನೆಯ ಕಟ್ಟೆಯ ಮೇಲೆ ಕೂತು ಅವಳೇ ಓದಿದ್ದಳು. ಅವಳ ಹೆಸರು ನನ್ನ ಸದಸ್ಯರ ವಹಿಯಲ್ಲಿಯೇ ಇರಲಿಲ್ಲ. ಬಹುಮಾನದ ಮೇಲೆ ಕಣ್ಣಿಟ್ಟದ್ದು ನನಗೆ ಅಷ್ಟು ಕತ್ತಲೆ ತಂದಿತ್ತು.

ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. 1973ರಲ್ಲಿ ಅಮೆರಿಕದ ಮೂವರು ಮನಃಶಾಸ್ತ್ರಜ್ಞರು ಒಂದು ಶಿಶುವಿಹಾರದಲ್ಲಿ, ಚಿತ್ರ ಬರೆಯುವುದೆಂದರೆ ಮೊದಲೇ ಪ್ರೀತಿಯಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಬರೆದರೆ ಪ್ರಶಸ್ತಿಪತ್ರ' ಎಂದು ಮೊದಲೇ ಹೇಳಿದರು, ಕೆಲವರಿಗೆ ಏನೂ ಹೇಳಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಪ್ರಶಸ್ತಿಯ ಆಸೆಗೆ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಕಡ್ಡಿ ಮುಟ್ಟಿದರು. ಏನೂ ಹೇಳದೆ ಕೊನೆಗೆ ಅಚ್ಚರಿಯಾಗಿ ಕೊಟ್ಟ ಪ್ರಶಸ್ತಿಯಿಂದ ಅಂಥ ಹಾನಿ ಆಗಲಿಲ್ಲ. ಆದ್ದರಿಂದ ಬಹುಮಾನ ಕೊಡುವುದಾದರೆ ಮೊದಲೇ ಡಂಗುರ ಹೊಡೆಯಬೇಡಿ. ಕೊಟ್ಟರೂ ಪುಸ್ತಕಕ್ಕೆ ಹತ್ತಿರದ್ದನ್ನೇ ಕೊಡಿ: ಒಂದು ವಾರ ತಾರೀಖಿನ ಮೊಹರು ಒತ್ತುವ ಅಧಿಕಾರ, ಹೊಸ ಪುಸ್ತಕದ ಕಟ್ಟನ್ನು ಎಲ್ಲರಿಗಿಂತ ಮೊದಲು ಬಿಚ್ಚುವ ಅಧಿಕಾರ. ಮೊಹರಿಗಾಗಿ ಮಕ್ಕಳು ಜಗಳ ಆಡುವುದನ್ನು ನೀವು ನೋಡಬೇಕು.

ಇನ್ನು ಋತುಗಳ ಮಾತು. ಇಲಾಖೆಯ ಕ್ಯಾಲೆಂಡರಿನಲ್ಲಿ ಜಯಂತಿ, ಸಪ್ತಾಹ, ದಿನಾಚರಣೆ ಇರುತ್ತವೆ. ಊರಿನ ಕ್ಯಾಲೆಂಡರು ಬೇರೆ. ಅದರಲ್ಲಿ ಹೊಲದ ಹೆಸರುಕಾಯಿ ಬಿಡಿಸುವ ವಾರ ಇದೆ, ಶ್ರಾವಣದ ಪುರಾಣ ಇದೆ, ಮೆಣಸಿನಕಾಯಿ ಇದೆ, ಜಾತ್ರೆ ಇದೆ. ನಿಮ್ಮ ಶಿಬಿರಕ್ಕೆ ಅರವತ್ತು ಮಕ್ಕಳು ಬಂದದ್ದು ಊರಿನ ಕ್ಯಾಲೆಂಡರಿನಲ್ಲಿ ಅವರಿಗೆ ಬಿಡುವಿದ್ದುದರಿಂದ. ನವೆಂಬರಿನಲ್ಲಿ ಬಾರದೆ ಇದ್ದುದಕ್ಕೂ ಅಂಥದ್ದೇ ಕಾರಣ ಇದ್ದೀತು.

ಬೇಸಿಗೆಯಿಂದ ಶುರು ಮಾಡುತ್ತೇನೆ, ಈ ಉತ್ತರ ನಿಮ್ಮ ಕೈಸೇರುವ ಹೊತ್ತಿಗೆ ಯುಗಾದಿ ಬಂದಿರುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ; ಎರಡು ತಿಂಗಳಿಗೆ ಸ್ವಲ್ಪ ಕಡಿಮೆ. ಒಂದನೆಯ, ಎರಡನೆಯ ಇಯತ್ತೆಯಲ್ಲಿ ಕಷ್ಟಪಟ್ಟು ಕಾಗುಣಿತ ದಾಟಿದ ಮಗು ಈ ಎರಡು ತಿಂಗಳಲ್ಲಿ ಒಂದೂ ಸಾಲು ಓದದಿದ್ದರೆ ಜೂನ್‌ನಲ್ಲಿ ಒತ್ತಕ್ಷರದ ಮುಂದೆ ಎತ್ತಿನ ಹಾಗೆ ನಿಂತುಬಿಡುತ್ತದೆ. ಫ್ಲಾರಿಡಾದಲ್ಲಿ ಬಡ ಮನೆಗಳ ಮಕ್ಕಳಿಗೆ ಮೂರು ವರ್ಷ, ಪ್ರತಿ ಬೇಸಿಗೆ ರಜೆಗೆ 12 ಪುಸ್ತಕ ಕೊಟ್ಟು ನೋಡಿದರು. ಪುಸ್ತಕ ಆರಿಸಿದವರು ಮಕ್ಕಳೇ. ಪಾಠವಿಲ್ಲ, ಪರೀಕ್ಷೆಯಿಲ್ಲ. ಮೂರು ವರ್ಷದ ಕೊನೆಗೆ ಆ ಮಕ್ಕಳು ಓದಿನಲ್ಲಿ ಪುಸ್ತಕ ಸಿಗದ ಮಕ್ಕಳಿಗಿಂತ ಮುಂದೆ ಇದ್ದರು. ಎಲ್ಲಿಯ ಫ್ಲಾರಿಡಾ, ಎಲ್ಲಿಯ ರೋಣ ಎನ್ನಬಹುದು. ಆದರೆ ತನಗೆ ಬೇಕಾದದ್ದನ್ನು ತಾನೇ ಎತ್ತಿಕೊಳ್ಳುವ ಆಸೆ ಎಲ್ಲ ಊರಿನ ಮಗುವಿಗೂ ಒಂದೇ. ಜಾತ್ರೆಯ ಆಟಿಕೆ ಅಂಗಡಿಯ ಮುಂದೆ ನಿಂತವರಿಗೆ ಇದು ಗೊತ್ತು.

ಶಿಬಿರ ಬಿಡಬೇಡಿ. ಕೇರಂ ಇರಲಿ, ಬೇಸಿಗೆಗೆ ಆಟ ಬೇಕು. ಹೊತ್ತು ಬದಲಿಸಿ: ಬೆಳಿಗ್ಗೆ ಏಳೂವರೆಯಿಂದ ಹತ್ತು. ಹತ್ತರ ಮೇಲೆ ನಮ್ಮ ಎರೆಭೂಮಿಯ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಯಾರೂ ಕೂರಲಾರರು. ಒಂದೇ ಒಂದು ಕಟ್ಟಳೆ ಹಾಕಿ. ಒಳಗೆ ಬರುವಾಗ ಕೈಯಲ್ಲಿ ನಿನ್ನೆಯ ಪುಸ್ತಕ, ಹೊರಗೆ ಹೋಗುವಾಗ ಇಂದಿನದು. ಓದಿದೆಯಾ ಎಂದು ಕೇಳಬೇಡಿ. 'ಹೆಂಗಿತ್ತು?' ಎಂದರೆ ಸಾಕು. 'ಬೇಸರ ಬಂತು' ಎಂದರೆ ಅದೂ ಒಳ್ಳೆಯ ಉತ್ತರವೇ, ಬೇರೆ ಕೊಡಿ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, 23 ವಿಶ್ವ ಪುಸ್ತಕ ದಿನ. ಭಾಷಣಕ್ಕೆ ಅತಿಥಿಗಳನ್ನು ಕರೆಯಲೇಬೇಕಾದರೆ ಆ ದಿನ ಕರೆದು, ಅತಿಥಿಯ ಕೈಯಲ್ಲಿ ಒಂದು ಮಕ್ಕಳ ಕಥೆ ಓದಿಸಿ. ಹಾರ ಹಾಕಿಸಿಕೊಂಡ ಮೇಲೆ ಯಾರೂ ಇಲ್ಲ ಎನ್ನುವುದಿಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ನಮ್ಮ ಕಡೆಯ ತೊಡಕೇ ಬೇರೆ. ಮಕ್ಕಳ ಪುಸ್ತಕಗಳಲ್ಲಿ ಬಹುಪಾಲು ಮೈಸೂರು ಬೆಂಗಳೂರಿನ ಕನ್ನಡದಲ್ಲಿರುತ್ತವೆ. ಪುಸ್ತಕದಲ್ಲಿ 'ಕಡಲೆಕಾಯಿ' ಎಂದಿದ್ದರೆ ನಿಮ್ಮ ಹುಡುಗರ ಕಣ್ಣ ಮುಂದೆ ಬರುವುದು ಕಡಲೆ ಹೊಲ, ಹಸಿರು ಸುಲಗಾಯಿ. ಅದು ಶೇಂಗಾ ಎಂದು ಯಾರೂ ಹೇಳಿರುವುದಿಲ್ಲ. 'ಬಾಗಿಲಿಗೆ ಬೀಗ ಹಾಕಿದ' ಎಂದು ಓದಿದರೆ ಇಡೀ ಗುಂಪು ನಗುತ್ತದೆ. ಇಲ್ಲಿ ಬಾಗಿಲಿಗೆ ಹಾಕುವುದು ಕೀಲಿ, ಬೀಗರು ಎಂದರೆ ಮದುವೆಗೆ ಬರುವವರು. ನಗಲಿ ಬಿಡಿ. ನಕ್ಕಾದ ಮೇಲೆ ಎರಡೂ ಮಾತನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಪುಸ್ತಕದ ಮಾತು ಸರಿ, ಮನೆಯ ಮಾತು ತಪ್ಪು ಎಂಬ ಭಾವನೆ ಮಾತ್ರ ಬರಬಾರದು. ಹಾಗೆ ಅನ್ನಿಸಿದ ಮಗು ಬಾಯಿ ಮುಚ್ಚುತ್ತದೆ, ಆಮೇಲೆ ಪುಸ್ತಕ ಮುಚ್ಚುತ್ತದೆ.

ಓದುವಾಗ ಕಥೆಯನ್ನು ಮುಗಿಸಬೇಡಿ. ಹುಲಿ ಗವಿಯ ಬಾಯಿಗೆ ಬಂತು ಎನ್ನುವಲ್ಲಿ ಒಂದು ದಾರ ಇಟ್ಟು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು, ನೀರು ಕುಡಿಯಲು ಎದ್ದುಹೋಗಿ. ನೀವು ತಿರುಗಿ ಬರುವಷ್ಟರಲ್ಲಿ ನಾಲ್ಕು ತಲೆ ಆ ಪುಸ್ತಕದ ಮೇಲೆ ಬಾಗಿರುತ್ತವೆ, ಓದಲು ಬರುವವನು ಓದಲು ಬಾರದವರಿಗೆ ಹೇಳುತ್ತಿರುತ್ತಾನೆ. ಇದನ್ನು ನಾನು ಎಷ್ಟು ಸಲ ಮಾಡಿದ್ದೇನೆಂದರೆ, ಆ ಗ್ರಂಥಾಲಯದ ಮಕ್ಕಳು ನನಗೆ ಬಾಯಾರಿಕೆಯ ರೋಗ ಎಂದುಕೊಂಡಿದ್ದರು.

ಪುಸ್ತಕ ಎಲ್ಲಿಂದ ತರುವುದು ಎಂದರೆ, ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಮಾಲೆ ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಅಚ್ಚು ಹಾಕಿಸಲು ಅನುಮತಿ ಇದೆ. ಗದಗವನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಅಲ್ಲಿ ಒಂದು ಪುಸ್ತಿಕೆಯನ್ನು ಹತ್ತು ಪ್ರತಿ ಮಾಡಿಸುವುದು ದೊಡ್ಡ ಮಾತಲ್ಲ. ಒಂದೇ ಕಥೆ ಹತ್ತು ಪ್ರತಿ ಇದ್ದರೆ ಹತ್ತು ಮಕ್ಕಳು ಒಂದೇ ವಾರ ಅದನ್ನು ಓದಿ ಓಣಿಯಲ್ಲಿ ಅದರ ಮಾತೇ ಆಡುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ನಾನು ಮಾಡಿದ ಹಾಗೆ, ಬಾಗಿಲಲ್ಲಿ ನಿಂತ ತಂಗಿಯನ್ನು ಸದಸ್ಯರ ವಹಿಯಿಂದ ಬಿಟ್ಟುಬಿಡಬೇಡಿ.

ಜೂನ್ ತಿಂಗಳನ್ನು ನಾನು ಕಾರ್ಯಕ್ರಮಕ್ಕೆ ಇಟ್ಟುಕೊಳ್ಳುವುದಿಲ್ಲ. ಬಿತ್ತನೆ, ಸಮವಸ್ತ್ರ, ಹೊಸ ಪಠ್ಯಪುಸ್ತಕ, ಯಾರಿಗೂ ಪುರುಸೊತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎತ್ತು ಮಾಡಿ ತಂದು ಗ್ರಂಥಾಲಯದ ಕಿಟಕಿಯಲ್ಲಿ ಸಾಲಾಗಿ ಇಟ್ಟರೆ ಅಷ್ಟೇ ಸಾಕು. ನೀವು ಆ ತಿಂಗಳು ಕಪಾಟು ನೋಡಿಕೊಳ್ಳಿ. ಗೋಡೆಗೆ ತಾಗಿದ ಕಪಾಟನ್ನು ನಾಲ್ಕು ಬೆರಳು ಈಚೆಗೆ ಎಳೆಯಿರಿ, ಮಳೆಯ ತೇವ ಪುಸ್ತಕದ ಬೆನ್ನಿಗೆ ಹತ್ತುವುದಿಲ್ಲ. ಬೂಷ್ಟು ಹಿಡಿದದ್ದನ್ನು ಹಸಿ ಬಟ್ಟೆಯಿಂದ ಒರೆಸಬಾರದು; ನೆರಳಿನಲ್ಲಿ ಗಾಳಿಗೆ ಬಿಡಿಸಿಟ್ಟು, ಒಣಗಿದ ಮೇಲೆ ಹೊರಗೆ ಒಯ್ದು ಮೆತ್ತನೆ ಕುಂಚದಿಂದ ಝಾಡಿಸಿ. ಹರಿದ ಪುಟಕ್ಕೆ ಪ್ಲಾಸ್ಟಿಕ್ ಟೇಪು ಹಚ್ಚಬೇಡಿ, ನಾಲ್ಕು ವರ್ಷಕ್ಕೆ ಅದು ಹಳದಿಯಾಗಿ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ಮೈದಾ ಅಂಟು, ತೆಳುವಾದ ಕಾಗದ ಸಾಕು.

ಶ್ರಾವಣ ಬಂತೆಂದರೆ ನಮ್ಮ ಸೀಮೆಯಲ್ಲಿ ಓದಿನ ತಿಂಗಳು ಬಂತು ಎಂದರ್ಥ. ಇದನ್ನು ಗ್ರಂಥಾಲಯದವರಾದ ನಾವು ಮರೆತಿದ್ದೇವೆ. ಊರೂರಿನ ಮಠದಲ್ಲಿ, ಗುಡಿಯಲ್ಲಿ ತಿಂಗಳುಪರ್ಯಂತ ರಾತ್ರಿ ಪುರಾಣ ನಡೆಯುತ್ತದೆ. ಒಬ್ಬರು ಪದ್ಯ ಹಾಡಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ನಡುನಡುವೆ ಊರಿನ ಜಗಳವನ್ನೂ ಹೆಸರು ಹೇಳದೆ ಸೇರಿಸುತ್ತಾರೆ. ನೂರು ಜನ ಕೇಳುತ್ತಾರೆ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದ ನೆಲ ಇದು. ಅವನ ಪದ್ಯವನ್ನು ಅಕ್ಷರ ಬಾರದವರೂ ಕಿವಿಯಿಂದಲೇ ಕಲಿತು ಬಾಯಲ್ಲಿ ಉಳಿಸಿಕೊಂಡರು. ಅಂಥ ಊರಿನಲ್ಲಿ 'ಜನರಿಗೆ ಓದಿನ ಅಭಿರುಚಿ ಇಲ್ಲ' ಎಂದು ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪುರಾಣದವರೊಂದಿಗೆ ಸ್ಪರ್ಧೆಗೆ ಇಳಿಯಬೇಡಿ, ಅವರ ಹಿಂದೆ ಹೋಗಿ. ಶರಣರ ಚರಿತ್ರೆ, ಜನಪದ ಕಥೆ, ದಪ್ಪ ಅಕ್ಷರದ ಪುಸ್ತಕ ಇಪ್ಪತ್ತು ಆರಿಸಿ ಒಂದು ಕೈಚೀಲದಲ್ಲಿ ಹಾಕಿಕೊಂಡು ವಾರಕ್ಕೊಂದು ರಾತ್ರಿ ಮಠಕ್ಕೆ ಹೋಗಿ. ಮಂಗಳಾರತಿ ಆದ ಮೇಲೆ ಪ್ರಸಾದ ಹಂಚುವಲ್ಲಿಯೇ ಪುಸ್ತಕ ಹರವಿ. ಇವತ್ತು ಯಾರ ಕಥೆ ನಡೆಯಿತೋ ಅವರ ಪುಸ್ತಕ ಮೇಲೆ ಇರಲಿ. ಹೆಣ್ಣುಮಕ್ಕಳು ಮೊದಲ ವಾರ ಮುಟ್ಟಿ ನೋಡಿ ಇಡುತ್ತಾರೆ, ಎರಡನೆಯ ವಾರ 'ಮೊಮ್ಮಗ ಓದಿ ಹೇಳುತ್ತಾನೆ' ಎಂದು ಒಯ್ಯುತ್ತಾರೆ. ಮೊಮ್ಮಗ ಓದಿ ಹೇಳಿದರೆ ಒಂದು ಪುಸ್ತಕಕ್ಕೆ ಇಬ್ಬರು ಓದುಗರು. ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ಮಧ್ಯಾಹ್ನ ಮಾತಿಗೆ ಕೂರುವ ಮನೆ ಯಾವುದು ಎಂದು ನಿಮಗೆ ಗೊತ್ತಿರುತ್ತದೆ. ಚೀಲ ಅಲ್ಲಿಗೂ ಹೋಗಲಿ.

ಪುಸ್ತಕ ಹೊತ್ತು ಜನರ ಬಳಿಗೆ ಹೋಗುವುದು ನಮಗೆ ಹೊಸದೇನಲ್ಲ. ಹಾವೇರಿ ಸೀಮೆಯ ಗಳಗನಾಥರು (1869–1942) ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ತಮಿಳುನಾಡಿನ ಮನ್ನಾರ್‌ಗುಡಿ ಕಡೆ 1931ರಲ್ಲಿ ಎತ್ತಿನ ಬಂಡಿಯಲ್ಲಿ ಗ್ರಂಥಾಲಯ ಹಳ್ಳಿಗಳಿಗೆ ಹೋಗುತ್ತಿತ್ತು. ಅದೇ ವರ್ಷ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದು. ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಎಂದು ಅವರ ಫೋಟೋಕ್ಕೆ ಹಾರ ಹಾಕುತ್ತೇವಲ್ಲ, ಆ ದಿನ ಹಾರದ ಜೊತೆಗೆ ಚೀಲವನ್ನೂ ಹೊರಡಿಸಬಹುದು.

ಅದೇ ಆಗಸ್ಟ್‌ನಲ್ಲಿ ಹೆಸರು ಕಾಯಿ ಬಿಡಿಸುವ ಕೆಲಸ ಬರುತ್ತದೆ. ಮಳೆ ಮೋಡ ಕಟ್ಟಿದರೆ ಇಡೀ ಮನೆ ಹೊಲದಲ್ಲಿ, ಎಂಟು ವರ್ಷದವರೂ ಹೊಲದಲ್ಲಿ. ಸಂಜೆ ಐದಕ್ಕೆ ನೀವು ಬಾಗಿಲು ಹಾಕಿದರೆ ಅವರು ಬರುವುದು ಆರೂವರೆಗೆ. ಮೂರು ವಾರದ ಮಟ್ಟಿಗೆ ಬೆಳಿಗ್ಗೆಯ ಒಂದು ತಾಸನ್ನು ಸಂಜೆಗೆ ತಳ್ಳಲು ಪಂಚಾಯಿತಿಯಲ್ಲಿ ಕೇಳಿ. ಜುಲೈ ಆಗಸ್ಟ್‌ನಲ್ಲಿ ಮಕ್ಕಳು ಕಾಣೆಯಾದದ್ದಕ್ಕೆ ನಿಮ್ಮ ಶಿಬಿರದ ದೋಷಕ್ಕಿಂತ ನಿಮ್ಮ ಬಾಗಿಲಿನ ವೇಳೆಯೇ ದೊಡ್ಡ ಕಾರಣ ಇರಬಹುದು ಎಂದು ನನ್ನ ಅನುಮಾನ.

ದಸರೆಯ ರಜೆಯಲ್ಲಿ ನಾವು ಮಾಡುವ ತಮಾಷೆಯನ್ನೂ ಹೇಳಬೇಕು. ಮಕ್ಕಳು ಬಿಡುವಾಗಿರುವ ಹೊತ್ತಿಗೆ ಸರಿಯಾಗಿ ಪುಸ್ತಕಗಳನ್ನು ಪೂಜೆಗೆ ಕೂರಿಸಿ, ಅರಿಷಿಣ ಕುಂಕುಮ ಏರಿಸಿ, ಬನ್ನಿ ಮುಡಿಯುವವರೆಗೆ ಮುಟ್ಟಬೇಡಿ ಎನ್ನುತ್ತೇವೆ. ಪೂಜೆ ಇರಲಿ, ನಾನೂ ಮಾಡಿದವನೇ. ಪೂಜೆಗೆ ಐದು ಪುಸ್ತಕ ಸಾಕು, ಉಳಿದವು ಹಿಂದಿನ ದಿನವೇ ಮೂರು ಮೂರರ ಕಟ್ಟಾಗಿ ಮನೆಗಳಿಗೆ ಹೋಗಲಿ.

ನವೆಂಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದನೆಯ ತಾರೀಖು ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನ, 14ರಿಂದ 20 ಗ್ರಂಥಾಲಯ ಸಪ್ತಾಹ, ಎಲ್ಲ ನಿಮಗೆ ಗೊತ್ತಿರುವುದೇ. ಪ್ರಬಂಧ ಸ್ಪರ್ಧೆಯನ್ನು ಮಾತ್ರ ಬಿಟ್ಟುಬಿಡಿ. 'ಗ್ರಂಥಾಲಯದ ಮಹತ್ವ' ಎಂಬ ಪ್ರಬಂಧವನ್ನು ಗ್ರಂಥಾಲಯಕ್ಕೆ ಕಾಲಿಡದವನೂ ಮೊಬೈಲ್ ನೋಡಿ ಚೆನ್ನಾಗಿ ಬರೆಯುತ್ತಾನೆ, ಗೆಲ್ಲುತ್ತಾನೆ. ಅದರ ಬದಲು ಓದಿದ ಪುಸ್ತಕದ ಕೊನೆಯ ಪುಟಕ್ಕೆ ಅಂಗೈಯಗಲದ ಚೀಟಿ ಅಂಟಿಸಿ, ಎರಡು ಸಾಲು ಬರೆಸಿ, ಕೆಳಗೆ ಹೆಸರು ಹಾಕಿಸಿ. ಒಂದು ಚೀಟಿಯಲ್ಲಿ ಹುಡುಗಿಯೊಬ್ಬಳು ಬರೆದದ್ದು ನನಗೆ ಇನ್ನೂ ನೆನಪಿದೆ: 'ಮುದುಕಿ ಸಾಯುತ್ತಾಳೆ, ಮೊದಲೇ ಹೇಳುತ್ತೇನೆ.' ಆ ಪುಸ್ತಕ ಆಮೇಲೆ ಕಪಾಟಿನಲ್ಲಿ ನಿಂತದ್ದೇ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಇಡೀ ದಿನ ಕುರ್ಚಿ ಹಿಡಿದಿರುತ್ತಾರೆ ಎಂದು ಹಲವು ಮೇಲ್ವಿಚಾರಕರು ನನಗೆ ದೂರುವುದುಂಟು. ಧಾರವಾಡದಲ್ಲಂತೂ ಇದು ಊರಿನ ಲಕ್ಷಣವೇ ಆಗಿದೆ. ನಾನು ಅವರ ಪರ. ಕುರ್ಚಿ ಕೊಡಿ, ಫ್ಯಾನ್ ಕೊಡಿ, ವಾರಕ್ಕೆ ಒಂದು ತಾಸು ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳಿ ಎಂದು ಕೇಳಿ. ಹುಡುಗರು ನಾಚುತ್ತಾರೆ, ಆದರೆ ಓದುತ್ತಾರೆ.

ಚಳಿಗಾಲದಲ್ಲಿ ಎಳ್ಳು ಅಮಾವಾಸ್ಯೆ, ಎಳೆ ಜೋಳದ ಸೀತನಿ, ಸುಲಗಾಯಿ ಎಂದು ಮಕ್ಕಳೆಲ್ಲ ಹೊಲದ ಬದುವಿನಲ್ಲಿರುತ್ತಾರೆ. ಆಮೇಲೆ ಮೆಣಸಿನಕಾಯಿ. ನಾನು ಬ್ಯಾಡಗಿಗೆ ಹತ್ತಿರದ ಊರಿನಲ್ಲಿದ್ದಾಗ ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ. ತಿರುಗಿ ಬಂದ ಪುಸ್ತಕದ ವಾಸನೆಯಿಂದ ತಿಂಗಳು ತಿಳಿಯುತ್ತಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಪುಸ್ತಕ ಬಿಚ್ಚಿದರೆ ಘಾಟು, ಎರಡು ಸೀನು. ಪುಟದ ಮೂಲೆಯಲ್ಲಿ ಕೆಂಪು ಬೆರಳಚ್ಚು. ತೊಟ್ಟು ಬಿಡಿಸುವ ಕೆಲಸಕ್ಕೆ ಅವ್ವಂದಿರ ಜೊತೆ ಹೋದ ಹುಡುಗಿಯರು ಊಟದ ಬಿಡುವಿನಲ್ಲಿ ಓದಿದ ಗುರುತು ಅದು. ಒಬ್ಬಳು ಕೈಗೆ ಉರಿಯೆಂದು ಸೀರೆಯ ಚಿಂದಿ ಸುತ್ತಿಕೊಂಡು ಪುಟ ತಿರುಗಿಸುತ್ತಿದ್ದಳು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪುಸ್ತಕ ಹೊಲಸಾಗಿದೆ ಎಂದು ಷರಾ ಬರೆದರು. ನಾನು ಆ ಪುಸ್ತಕವನ್ನು ಕಡತಕ್ಕೆ ಸೇರಿಸದೆ ಮತ್ತೆ ಸಾಲಕ್ಕೇ ಇಟ್ಟೆ. ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಮನೆಗಳೂ ನಿಮ್ಮಲ್ಲಿರುತ್ತವೆ. ಆ ಮಕ್ಕಳಿಗೆ ಹೋಗುವ ಮುನ್ನಾದಿನ ಎರಡು ಪುಸ್ತಕ ಕೊಡಿ. ಅವು ತಿರುಗಿ ಬಾರದೆ ಹೋದರೆ ಸಾವಿರಕ್ಕೆ ಐದು ಎಂಬ ಆ ಲೆಕ್ಕದಲ್ಲಿ ಬರೆದುಕೊಳ್ಳಿ.

ಕೊನೆಗೆ ಜಾತ್ರೆ. ದೊಡ್ಡವರು ಓದುವುದೇ ಇಲ್ಲ ಎನ್ನುವವರಿಗೆ ನಾನು ತೋರಿಸುವುದು ಜಾತ್ರೆಯ ನಾಟಕವನ್ನು. ಗೌಂಡಿ ಕೆಲಸದವನು, ಟ್ರ್ಯಾಕ್ಟರ್ ಓಡಿಸುವವನು, ಹತ್ತನೆಯ ಇಯತ್ತೆಯಲ್ಲಿ ಮೂರು ಸಲ ಬಿದ್ದವನು, ಇವರೆಲ್ಲ ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ ಎಂಬತ್ತು ಪುಟದ ನಾಟಕವನ್ನು ಅಲ್ಪವಿರಾಮ ಬಿಡದೆ ಬಾಯಿಪಾಠ ಮಾಡುತ್ತಾರೆ. ಅವರಿಗಿಂತ ಎಚ್ಚರದ ಓದುಗರನ್ನು ವಿಶ್ವವಿದ್ಯಾಲಯದಲ್ಲಿಯೂ ನಾನು ಹೆಚ್ಚು ಕಂಡಿಲ್ಲ. ತಾಲೀಮಿಗೆ ಗ್ರಂಥಾಲಯದ ಕೋಣೆ ಕೊಡಿ. ಬೇರೆ ಬೇರೆ ನಾಟಕದ ಪುಸ್ತಕ ಹತ್ತು ಹದಿನೈದು ತರಿಸಿ ಮೇಜಿನ ಮೇಲೆ ಹರಡಿ, ಯಾವುದನ್ನು ಆಡುವುದು ಎಂಬ ವಾದ ಅಲ್ಲಿಯೇ ನಡೆಯಲಿ. ವಾದ ಮಾಡಬೇಕಾದರೆ ಓದಲೇಬೇಕು. ನಾನಿದ್ದ ಊರಿನಲ್ಲಿ ಖಳನಾಯಕನ ಪಾತ್ರ ಮಾಡುತ್ತಿದ್ದ ಗೌಂಡಿಯೊಬ್ಬ ಜಾತ್ರೆ ಮುಗಿದ ಮೂರನೆಯ ದಿನ, ಕೈಯ ಸಿಮೆಂಟ್ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, 'ಸರ್, ನಾಟಕ ಅಲ್ಲದ್ದು, ಬರೇ ಕಥೆ ಇರುವಂಥದ್ದು ಏನಾದರೂ ಇದೆಯೇ? ಪಾರ್ಟು ಇಲ್ಲದೆ ರಾತ್ರಿ ನಿದ್ದೆ ಬರುತ್ತಿಲ್ಲ' ಎಂದ.

ಇನ್ನು ನೀವು ಮಾಡಬೇಕಾದ ಬರವಣಿಗೆ ಒಂದಿದೆ. ಕಾರ್ಯಕ್ರಮದ ವರದಿಯಲ್ಲಿ ಎಷ್ಟು ಜನ ಬಂದರು ಎಂದು ಬರೆಯುವ ಸಾಲಿನ ಕೆಳಗೆ, ಮುಂದಿನ ಎಂಟು ದಿನಗಳಲ್ಲಿ ಎಷ್ಟು ಪುಸ್ತಕ ಮನೆಗೆ ಹೋದವು ಎಂದು ಇನ್ನೊಂದು ಸಾಲು ಬರೆಯಿರಿ. ಯಾರೂ ಕೇಳದಿದ್ದರೂ ಬರೆಯಿರಿ. ಹೆಸರಿನ ಸುಗ್ಗಿ ಮುಗಿದ ಮೇಲೆ ಆ ಎರಡನೆಯ ಸಾಲಿನ ಅಂಕಿಗಳನ್ನು ನನಗೆ ಕಳಿಸಿ. ಶಿಬಿರದ ಫೋಟೋ ಬೇಡ.